ಮೂತ್ರಕೋಶದ ಕೋಡ್ ಹುಡುಕುತ್ತ ಬೆನ್ನುಹುರಿಯವರೆಗೆ

ಬೆಂಗಳೂರಿನ ವೈಟ್‌ಫೀಲ್ಡ್‌ನ ಕಚೇರಿಯೊಂದರಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳನ್ನು ಓದಿ, ವೈದ್ಯರು ಬರೆದ ಪ್ರತಿ ರೋಗಕ್ಕೂ ನಿಗದಿತ ಸಂಕೇತ ಸಂಖ್ಯೆ, ಅಂದರೆ ಕೋಡ್, ಹಾಕುವುದು ನನ್ನ ಉದ್ಯೋಗ. ಯುರಾಲಜಿ ಪ್ರಾಜೆಕ್ಟ್‌ಗೆ ಸೇರಿದ ಆರಂಭದಲ್ಲಿ, ಚಾರ್ಟ್‌ನಲ್ಲಿ ‘ನ್ಯೂರೋಜೆನಿಕ್ ಬ್ಲ್ಯಾಡರ್’ (ನರಗಳ ತೊಂದರೆಯಿಂದ ಮೂತ್ರಕೋಶದ ಕೆಲಸ ಕೆಡುವುದು) ಎಂದು ಕಂಡೊಡನೆ ಅದರ ಸಾಮಾನ್ಯ ಕೋಡ್ ಎನ್ 31.9 ಹಾಕಿ ಮುಂದಿನ ಚಾರ್ಟ್‌ಗೆ ಹೋಗುತ್ತಿದ್ದೆ. ಹೀಗೆ ಹಾಕಿದ್ದ ಒಂದು ಚಾರ್ಟ್ ಆಡಿಟ್‌ನಿಂದ ತಪ್ಪೆಂದು ಮರಳಿ ಬಂದಿತು. ಬೆನ್ನುಹುರಿಯ ಲೀಶನ್‌ನಿಂದ (ಹಾನಿಯಿಂದ) ಮೂತ್ರಕೋಶ ನಿಷ್ಕ್ರಿಯವಾಗಿದೆ ಎಂದು ವೈದ್ಯರು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿದ್ದರು. ನಾನು ಕಾಯಿಲೆಯ ಹೆಸರನ್ನು ಓದಿ, ಅದರ ಕಾರಣವನ್ನು ಓದದೆ ಬಿಟ್ಟಿದ್ದೆ.

ಅಮೆರಿಕದಲ್ಲಿ ಬಳಸುವ ರೋಗ ಕೋಡ್‌ಗಳ ಪುಸ್ತಕವಾದ ಐಸಿಡಿ-10-ಸಿಎಂನಲ್ಲಿ ಎನ್ 31ರ ಕೆಳಗೆ ಎಕ್ಸ್‌ಕ್ಲೂಡ್ಸ್ 1, ಅಂದರೆ ‘ಇವನ್ನು ಇಲ್ಲಿ ಕೋಡ್ ಮಾಡಬೇಡಿ’ ಎಂಬ ಟಿಪ್ಪಣಿ ಇದೆ. ಬೆನ್ನುಹುರಿಯ ಲೀಶನ್‌ನಿಂದ ಬಂದ ತೊಂದರೆಗೆ ಜಿ 95.89, ಕಾಡಾ ಈಕ್ವಿನಾ ಸಿಂಡ್ರೋಮ್‌ನಿಂದ (ಬೆನ್ನುಹುರಿಯ ತುದಿಯಿಂದ ಹೊರಡುವ ನರಗಳ ಗುಚ್ಛಕ್ಕೆ ಆಗುವ ಹಾನಿಯಿಂದ) ಬಂದದ್ದಕ್ಕೆ ಜಿ 83.4 ಎಂದು ಅದು ಹೇಳುತ್ತದೆ. ಅಂದರೆ ರೋಗಿಯ ದೂರು ಮೂತ್ರಕೋಶದ್ದೇ ಆದರೂ ಕೋಡ್ ಮೂತ್ರಾಂಗಗಳ ಅಧ್ಯಾಯವನ್ನು ಬಿಟ್ಟು ನರಮಂಡಲದ ಅಧ್ಯಾಯಕ್ಕೆ ಹೋಗುತ್ತದೆ. ಈ ಟಿಪ್ಪಣಿಯನ್ನು ನಾನು ತರಬೇತಿಯಲ್ಲಿ ಓದಿರಲಿಲ್ಲವೆಂದಲ್ಲ. ನರ ಎಲ್ಲಿ ಕೆಟ್ಟಿದೆ ಎಂಬ ಪ್ರಶ್ನೆಯನ್ನೇ ಕೇಳಿಕೊಳ್ಳದವರಿಗೆ ಅದು ನೆನಪಿಗೆ ಬರುವುದಿಲ್ಲ.

ಹಾಗಾಗಿ ನಾನು ಕೋಡ್ ಪುಸ್ತಕವನ್ನು ಬದಿಗಿಟ್ಟು ಶರೀರಕ್ರಿಯೆಯನ್ನು ಮತ್ತೊಮ್ಮೆ ಓದಿದೆ. ಮೂತ್ರಕೋಶ ಸಂಕುಚಿಸುವ ಪ್ರತಿವರ್ತನೆಯ ಕೇಂದ್ರವು ಬೆನ್ನುಹುರಿಯ ಕೆಳತುದಿಯಲ್ಲಿ, ಎಸ್ 2ರಿಂದ ಎಸ್ 4 ಎಂದು ಗುರುತಿಸುವ ಭಾಗದಲ್ಲಿದೆ. ಮೂತ್ರಕೋಶದ ಸ್ನಾಯು ಬಿಗಿಯುವಾಗ ಹೊರದ್ವಾರದ ಸ್ನಾಯು ಸಡಿಲಗೊಳ್ಳುವಂತೆ ಹೊಂದಿಸುವುದು ಮಿದುಳಿನ ಕಾಂಡದ ಪಾನ್ಸ್. ‘ಈಗ ಬೇಡ’ ಎಂದು ತಡೆಹಿಡಿಯುವುದು ಮಿದುಳಿನ ಮುಂಭಾಗ. ಪಾನ್ಸ್‌ಗಿಂತ ಮೇಲೆ ಹಾನಿಯಾದರೆ ತಡೆ ತಪ್ಪುತ್ತದೆ, ಅದರ ಕೆಳಗೆ ಬೆನ್ನುಹುರಿಯಲ್ಲಿ ಹಾನಿಯಾದರೆ ಹೊಂದಾಣಿಕೆ ತಪ್ಪುತ್ತದೆ, ಎಸ್ 2–ಎಸ್ 4 ಅಥವಾ ಅಲ್ಲಿಂದ ಹೊರಡುವ ನರಗಳಲ್ಲಿ ಹಾನಿಯಾದರೆ ಮೂತ್ರಕೋಶ ಸಡಿಲವಾಗಿ ಬಿದ್ದಿರುತ್ತದೆ. ಎನ್ 31.0 (ತಡೆಯಿಲ್ಲದ), 31.1 (ಪ್ರತಿವರ್ತನೆಯ), 31.2 (ಫ್ಲ್ಯಾಸಿಡ್, ಅಂದರೆ ಸಡಿಲ ಮೂತ್ರಕೋಶ) ಎಂಬ ಮೂರು ಕೋಡ್‌ಗಳ ಹೆಸರುಗಳ ಹಿಂದೆ ಇದೇ ಚಿತ್ರವಿದೆ ಎಂದು ಅರಿವಾದ ದಿನ ನನಗಾದ ಸಂತೋಷ ಇಂದಿಗೂ ನೆನಪಿದೆ. ಆದರೆ ಈ ಚಿತ್ರವನ್ನು ಆಧಾರವಾಗಿಟ್ಟು ಕೋಡರ್ ತಾನೇ ರೋಗವನ್ನು ನಿರ್ಣಯಿಸುವಂತಿಲ್ಲ. ಮೂತ್ರಕೋಶದ ಒತ್ತಡ ಮತ್ತು ಹರಿವನ್ನು ಅಳೆಯುವ ಯುರೋಡೈನಮಿಕ್ಸ್ ವರದಿಯಲ್ಲಿ ಡಿಟ್ರೂಸರ್ (ಮೂತ್ರಕೋಶದ ಸ್ನಾಯು) ಸಂಕೋಚನ ಕಾಣಲಿಲ್ಲ ಎಂದಿದ್ದರೂ, ವೈದ್ಯರು ‘ಫ್ಲ್ಯಾಸಿಡ್’ ಎಂದೋ ಅದಕ್ಕೆ ಸಮನಾದ ಪದವನ್ನೋ ಬರೆಯದಿದ್ದರೆ ನಾನು ಎನ್ 31.2 ಹಾಕುವಂತಿಲ್ಲ, ಆ ವರದಿ ನನಗೆ ಪ್ರಶ್ನೆ ಕೇಳುವ ಆಧಾರ ಮಾತ್ರ.

ವೈದ್ಯರಿಗೆ ಕಳುಹಿಸುವ ಆ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ಬರೆಯುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ‘ಇದು ಫ್ಲ್ಯಾಸಿಡ್ ಬ್ಲ್ಯಾಡರ್ ಅಲ್ಲವೇ?’ ಎಂದು ನಾನು ಬರೆದಿದ್ದ ಕ್ವೆರಿಯನ್ನು ನಮ್ಮ ಟೀಮ್ ಲೀಡ್ ಕಳುಹಿಸಲು ಬಿಡಲಿಲ್ಲ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನೋಡಮ್ಮಾ, ಉತ್ತರ ನಿನ್ನ ಮನಸ್ಸಿನಲ್ಲಿ ಇರಬಹುದು, ಆದರೆ ಅದು ನಿನ್ನ ಪ್ರಶ್ನೆಯಲ್ಲಿ ಇರಬಾರದು” ಎಂದರು. ಈಗ ನಾನು ಮೂತ್ರ ವಿಸರ್ಜನೆಯ ನಂತರ ಒಳಗೆ ಉಳಿದ ಪ್ರಮಾಣ, ಯುರೋಡೈನಮಿಕ್ಸ್‌ನಲ್ಲಿ ಕಂಡುಬಂದ ಅಂಶಗಳು, ನಡೆಯುತ್ತಿರುವ ಚಿಕಿತ್ಸೆ ಇವುಗಳನ್ನು ದಿನಾಂಕ ಸಹಿತ ಮುಂದಿಡುತ್ತೇನೆ. ಆಯ್ಕೆಗಳ ಜೊತೆ ‘ಬೇರೆ’ ಮತ್ತು ‘ನಿರ್ಧರಿಸಲು ಸಾಧ್ಯವಿಲ್ಲ’ ಎಂಬ ಎರಡನ್ನೂ ತಪ್ಪದೆ ಸೇರಿಸುತ್ತೇನೆ. ಹೊರರೋಗಿ ವಿಭಾಗದ ಚಾರ್ಟ್‌ನಲ್ಲಿ ‘ಸಂಭವನೀಯ ನ್ಯೂರೋಜೆನಿಕ್ ಬ್ಲ್ಯಾಡರ್’ ಎಂದಿದ್ದರೆ ಅದನ್ನು ಖಚಿತ ರೋಗವೆಂದು ಕೋಡ್ ಮಾಡದೆ, ಮೂತ್ರ ಕಟ್ಟುವಿಕೆಗೆ ಆರ್ 33.9ರಂತಹ ಲಕ್ಷಣದ ಕೋಡ್‌ನಲ್ಲೇ ನಿಲ್ಲುತ್ತೇನೆ.

ಮಧುಮೇಹದ ವಿಷಯದಲ್ಲಿ ಎಡವುವವರು ಈಗಲೂ ಹೆಚ್ಚು. ಒಂದೇ ಪಟ್ಟಿಯಲ್ಲಿ ಎರಡನೇ ಬಗೆಯ ಮಧುಮೇಹವೂ ನ್ಯೂರೋಜೆನಿಕ್ ಬ್ಲ್ಯಾಡರೂ ಇದ್ದರೆ ಎರಡನ್ನೂ ನಾವೇ ಜೋಡಿಸಿಬಿಡಲು ಮನಸ್ಸು ತುಡಿಯುತ್ತದೆ. ನಾನು ಹಾಗೆ ಮಾಡುವುದಿಲ್ಲ. ಮಧುಮೇಹದಿಂದ ಸ್ವಾಯತ್ತ ನರಗಳಿಗೆ ಹಾನಿಯಾಗಿ ಮೂತ್ರಕೋಶ ಕೆಟ್ಟಿದೆ ಎಂದು ವೈದ್ಯರು ಬರೆದಾಗ ಆ ನರಹಾನಿಯ ಕೋಡ್ ಇ 11.43 ಮೊದಲು, ಮೂತ್ರಕೋಶದ ಕೋಡ್ ನಂತರ. ಮೂತ್ರ ಸೋರಿಕೆ ದಾಖಲಾಗಿದ್ದರೆ ಅದರ ಎನ್ 39 ವರ್ಗದ ಕೋಡ್ ಕೂಡ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಇರುವ ರೋಗಿಗೆ ಸೋಂಕಾದಾಗಲೂ ಇದೇ ಎಚ್ಚರ ಬೇಕು: ಸೋಂಕಿಗೆ ಮೂತ್ರನಾಳದಲ್ಲಿ ಇಟ್ಟಿರುವ ಕ್ಯಾತಿಟರೇ ಕಾರಣ ಎಂದು ವೈದ್ಯರು ಹೇಳದಿದ್ದರೆ ಅಂಥ ಸೋಂಕಿನ ಕೋಡ್ ಟಿ 83.511 ಬರುವುದಿಲ್ಲ.

ನನ್ನ ಸೋದರಮಾವನವರು ಬಿದ್ದು ಬೆನ್ನಿಗೆ ಪೆಟ್ಟಾದ ಮೇಲೆ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಅವರಿಗೆ ತಾವೇ ಕ್ಯಾತಿಟರ್ ಹಾಕಿಕೊಂಡು ಮೂತ್ರ ಖಾಲಿ ಮಾಡುವುದನ್ನು ಕಲಿಸಿದರು. ಈ ಸ್ವಚ್ಛ ಮಧ್ಯಂತರ ವಿಧಾನವನ್ನು ಅಮೆರಿಕದ ಯುರಾಲಜಿಸ್ಟ್ ಜ್ಯಾಕ್ ಲ್ಯಾಪಿಡೆಸ್ ಮತ್ತವರ ಸಹೋದ್ಯೋಗಿಗಳು 1972ರಲ್ಲಿ ಪ್ರಕಟಿಸಿದ್ದರು ಎಂದು ನಾನು ಓದಿ ತಿಳಿದಿದ್ದೆ. ಆದರೆ ಗಡಿಯಾರ ನೋಡಿಕೊಂಡು ದಿನಕ್ಕೆ ಆರು ಬಾರಿ ಎದ್ದು ಹೋಗುವ ಮನುಷ್ಯನನ್ನು ಮನೆಯಲ್ಲಿ ಕಂಡ ಮೇಲೆ ಚಾರ್ಟ್‌ನ ಅಂಕಿಗಳನ್ನು ನಾನು ಓದುವ ರೀತಿಯೇ ಬದಲಾಯಿತು. ದಿನಕ್ಕೆ ಆರು ಎಂದರೆ ತಿಂಗಳಿಗೆ 180. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಾಮಾನ್ಯವಾಗಿ ತಿಂಗಳಿಗೆ ಗರಿಷ್ಠ 200 ಕ್ಯಾತಿಟರ್‌ಗಳಿಗೆ ಹಣ ಕೊಡುತ್ತದೆ, ಆದರೆ ದಿನಕ್ಕೆ ಎಷ್ಟು ಬಾರಿ ಎಂಬುದೂ, ತೊಂದರೆ ದೀರ್ಘಕಾಲದ್ದು, ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಇರುವಂಥದ್ದು ಎಂಬುದೂ ವೈದ್ಯರ ದಾಖಲೆಯಲ್ಲಿ ಇರಬೇಕು. ಆ ಒಂದು ಸಾಲು ಇಲ್ಲದೆ ಕ್ಲೇಮ್ (ವಿಮೆಯ ಹಣದ ಕೋರಿಕೆ) ತಿರಸ್ಕೃತವಾದರೆ ಅಲ್ಲೆಲ್ಲೋ ಒಬ್ಬರು ಬಳಸಿದ ಕ್ಯಾತಿಟರನ್ನೇ ಮತ್ತೆ ತೊಳೆದುಕೊಳ್ಳಬೇಕಾದೀತು ಎಂಬುದು ನನಗೆ ಈಗ ಊಹೆಯ ಮಾತಾಗಿ ಉಳಿದಿಲ್ಲ.

ಕಳೆದ ತಿಂಗಳು ಅಂಥದ್ದೇ ಒಂದು ಚಾರ್ಟ್ ಬಂದಿತು. ‘ಕ್ಯಾತಿಟರ್ ಮುಂದುವರಿಸಿ’ ಎಂದಷ್ಟೇ ಇತ್ತು. ಹಿಂದಿನ ಮೂರು ಭೇಟಿಗಳ ಉಳಿಕೆ ಮೂತ್ರದ ಅಳತೆಗಳನ್ನು ದಿನಾಂಕದೊಂದಿಗೆ ಬರೆದು, ಕಾರಣ, ಅವಧಿ ಮತ್ತು ದಿನಕ್ಕೆ ಎಷ್ಟು ಬಾರಿ ಎಂದು ಕೇಳಿ ಕ್ವೆರಿ ಕಳುಹಿಸಿದೆ. ಮರುದಿನದ ಪಾಳಿಯಲ್ಲಿ ವೈದ್ಯರ ಉತ್ತರ ಚಾರ್ಟ್‌ಗೆ ಸೇರಿತ್ತು: ಬೆನ್ನುಹುರಿಯ ಲೀಶನ್‌ನಿಂದ, ಶಾಶ್ವತ, ದಿನಕ್ಕೆ ಆರು ಬಾರಿ. ನಾನು ಜಿ 95.89 ಹಾಕಿ ಆ ಚಾರ್ಟನ್ನು ಮುಗಿಸಿದೆ.