ಮೋರಿಯ ಫೋಟೋ ತೆಗೆಯುವುದು ಹೇಗೆ

ನಮ್ಮ ಬೀದಿ ಕೊನೆಯ ಮೋರಿ ಮಳೆ ಬಂದಾಗಲೆಲ್ಲ ಉಕ್ಕಿ ರಸ್ತೆಗೆ ಹರಿಯುತ್ತಿತ್ತು. ಎರಡು ವರ್ಷ ಅದರ ಫೋಟೋ ತೆಗೆದು ತೆಗೆದು ಕಳಿಸಿದೆ, ನಲವತ್ತಾದರೂ ಇರಬಹುದು. ಏನೂ ಆಗಲಿಲ್ಲ. ಕೊನೆಗೆ ಕಚೇರಿಗೇ ಹೋದಾಗ ಅಲ್ಲಿದ್ದ ಇಂಜಿನಿಯರ್ ನನ್ನ ಫೋನ್ ನೋಡಿ, "ಸಾರ್, ಇದು ಯಾವ ಬೀದಿ, ಯಾವಾಗಿನದು?" ಅಂದರು. ನಾನೂ ನೋಡಿದೆ. ಬರೀ ಕಪ್ಪು ನೀರು. ಯಾವ ಊರಿನ ಯಾವ ಮೋರಿಯಾದರೂ ಆಗಬಹುದಿತ್ತು. ಅವತ್ತು ಸಿಟ್ಟು ಬಂದಿದ್ದು ನನ್ನ ಮೇಲೆಯೇ.

ಅದಕ್ಕೇ ಮೊದಲು ನಿಲ್ಲುವ ಜಾಗ ಗೊತ್ತುಮಾಡಿಕೊಳ್ಳಿ. ಕೊಳಕಿನ ಹತ್ತಿರ ಹೋಗಿ ಬಗ್ಗಬೇಡಿ, ಹತ್ತು ಹೆಜ್ಜೆ ಹಿಂದೆ ಬನ್ನಿ. ಅಲ್ಲೇ ಇರುವ ಅಂಗಡಿ ಬೋರ್ಡು, ಟ್ರಾನ್ಸ್‌ಫಾರ್ಮರ್, ಅರಳಿಕಟ್ಟೆ, ಇವುಗಳಲ್ಲಿ ಎರಡಾದರೂ ಚೌಕಟ್ಟಿನೊಳಗೆ ಬರಲಿ. ನಿಂತ ಜಾಗವನ್ನು ನೆನಪಿಟ್ಟುಕೊಳ್ಳಿ. ನಾನು ಎದುರಿನ ಕಾಂಪೌಂಡಿನ ಮೂಲೆಗೆ ಬೆನ್ನು ಒರಗಿಸಿ, ಫೋನನ್ನು ಎದೆ ಮಟ್ಟದಲ್ಲಿ ಹಿಡಿಯುತ್ತೇನೆ. ಪ್ರತಿ ತಿಂಗಳು ಒಂದನೇ ತಾರೀಖು, ಬೆಳಿಗ್ಗೆ ಏಳೂವರೆ. ಕ್ಯಾಮೆರಾದ ಗ್ರಿಡ್ ಗೆರೆಗಳನ್ನು ಆನ್ ಮಾಡಿಕೊಂಡು ಹಳೆಯ ಫೋಟೋದಲ್ಲಿ ಕಂಬ ಯಾವ ಗೆರೆ ಮೇಲಿತ್ತೋ ಈಗಲೂ ಅಲ್ಲಿಗೇ ತಂದು ಒತ್ತಿದರೆ ಆಯಿತು. ಒಂದು ಫೋಟೋ ನೋಡಿದವರು "ಅಯ್ಯೋ" ಅಂತಾರೆ, ಮುಂದಕ್ಕೆ ಹೋಗುತ್ತಾರೆ. ಒಂದೇ ಜಾಗದ ಆರು ಫೋಟೋ ಸಾಲಾಗಿ ಇಟ್ಟರೆ ಹಾಗೆ ಹೋಗಲು ಆಗುವುದಿಲ್ಲ.

ಆಮೇಲೆ ಅಳತೆ. ಗುಂಡಿ ಎಷ್ಟು ಆಳ ಅಂತ ಫೋಟೋ ತಾನಾಗಿ ಹೇಳುವುದಿಲ್ಲ. ಒಂದು ಲೀಟರ್ ನೀರಿನ ಬಾಟಲಿ ಪಕ್ಕಕ್ಕಿಡಿ, ಎಲ್ಲರಿಗೂ ಅದರ ಎತ್ತರ ಗೊತ್ತು. ಇದರಲ್ಲಿ ನನಗೆ ಗುರು ಅಂದರೆ ಅಮೆರಿಕದ ಲೂಯಿಸ್ ಹೈನ್. ಮೊದಲು ಮೇಷ್ಟ್ರಾಗಿದ್ದವರು. 1908ರಿಂದ ಬಟ್ಟೆ ಗಿರಣಿ, ಕಲ್ಲಿದ್ದಲ ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದರು. ಮಾಲೀಕರು ಒಳಗೆ ಬಿಡದಿದ್ದರೆ ಬೈಬಲ್ ಮಾರುವವನ ವೇಷ, ಪೋಸ್ಟ್‌ಕಾರ್ಡ್ ಮಾರುವವನ ವೇಷ. ತಮ್ಮ ಕೋಟಿನ ಒಂದೊಂದು ಗುಂಡಿ ನೆಲದಿಂದ ಎಷ್ಟು ಎತ್ತರ ಅಂತ ಮೊದಲೇ ಅಳೆದುಕೊಂಡಿದ್ದರು. ಮಗು ಪಕ್ಕಕ್ಕೆ ಬಂದು ನಿಂತರೆ ಸಾಕು, ಎತ್ತರ ಗೊತ್ತಾಗುತ್ತಿತ್ತು. ಹೆಸರು, ವಯಸ್ಸು, ದುಡಿಯುವ ಹೊತ್ತು, ಎಲ್ಲ ಜೇಬಿನೊಳಗೇ ಕೈಯಿಟ್ಟು ಗೀಚಿಕೊಳ್ಳುತ್ತಿದ್ದರು. ಇಷ್ಟು ಮಾಡಿದ ಮೇಲೂ ಮಕ್ಕಳ ದುಡಿಮೆ ತಡೆಯಲು 1916ರಲ್ಲಿ ಬಂದ ಕಾನೂನನ್ನು 1918ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಗಟ್ಟಿಯಾದ ಕಾನೂನು ಬಂದಿದ್ದು 1938ರಲ್ಲಿ. ಮೂವತ್ತು ವರ್ಷ! ನಾವು ಮೂರು ದಿನಕ್ಕೇ ಬೇಜಾರಾಗುತ್ತೇವೆ.

ಮೋಸ ಮಾಡಬೇಡಿ. ಫೋನನ್ನು ನೆಲಕ್ಕೆ ಹಿಡಿದು ವೈಡ್ ಲೆನ್ಸ್ ಹಾಕಿದರೆ ಅಂಗೈಯಗಲದ ಗುಂಡಿಯೂ ಕೆರೆ ಥರ ಕಾಣುತ್ತದೆ. ಮುಖ್ಯ ಕ್ಯಾಮೆರಾದಲ್ಲೇ ತೆಗೆಯಿರಿ. ಸ್ಥಳಕ್ಕೆ ಬಂದು ನೋಡಿದವರು ಒಮ್ಮೆ "ಇಷ್ಟೇನಾ" ಅಂದರೆ ನಿಮ್ಮ ಉಳಿದ ಫೋಟೋಗಳೂ ಹೋದವು. ಹಾಗಂತ ತಮಾಷೆ ಮಾಡಬಾರದು ಅಂತಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಗೆ ದೊಡ್ಡ ಮೊಸಳೆ ಮಾಡಿ ಇಟ್ಟರು. ಫೋಟೋ ಎಲ್ಲ ಕಡೆ ಓಡಾಡಿತು, ರಸ್ತೆ ರಿಪೇರಿಯೂ ಆಯಿತು. ಅಲ್ಲಿ ಮೋಸ ಇಲ್ಲ ನೋಡಿ. ಮೊಸಳೆ ಸುಳ್ಳು ಅಂತ ಎಲ್ಲರಿಗೂ ಗೊತ್ತು, ಗುಂಡಿ ನಿಜ.

ಚೌಕಟ್ಟಿನೊಳಗೆ ಜನ ಬಂದರೆ ಕೇಳಿ ತೆಗೆಯಿರಿ. ತೆಗೆದ ಮೇಲೆ ತೋರಿಸಿ, ಬೇಡ ಅಂದರೆ ಅವರೆದುರೇ ಅಳಿಸಿ. ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು: ರಕ್ಷಣೆಯ ಸಾಮಗ್ರಿ ಕೊಡದೆ ಯಾರನ್ನಾದರೂ ಮ್ಯಾನ್‌ಹೋಲ್‌ಗೆ ಇಳಿಸಿದರೆ ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧಿ ಇಳಿಸಿದವನು, ಇಳಿದವನಲ್ಲ, ಆದರೆ ಫೋಟೋ ಹರಿದಾಡಿದರೆ ಕೂಲಿ ತಪ್ಪುವುದು ಮಾತ್ರ ಇಳಿದವನಿಗೇ. ಅವನ ಮುಖ ಬೇಡ. ಗುತ್ತಿಗೆದಾರನ ಗಾಡಿ ನಂಬರ್ ಬರಲಿ.

ಕಳಿಸುವುದರಲ್ಲೂ ಒಂದು ಕಿವಿಮಾತಿದೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದರೊಳಗಿನ ತಾರೀಖು, ಜಾಗದ ವಿವರ ಎಲ್ಲ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಅದಕ್ಕಿಂತ ಒಳ್ಳೆಯದು ಕಾಗದ. ನಾನು ಆರು ಫೋಟೋಗಳನ್ನು ಒಂದೇ ಹಾಳೆಗೆ ಪ್ರಿಂಟ್ ಹಾಕಿಸಿ, ಪ್ರತಿಯೊಂದರ ಕೆಳಗೆ ತಾರೀಖು ಬರೆದು ಕೊಟ್ಟು, ನನ್ನ ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದೆ. ಮೂರನೇ ವಾರ ಚಪ್ಪಡಿ ಎತ್ತಿ ಹೂಳು ತೆಗೆದರು.

ಹೂಳನ್ನು ಎರಡು ದಿನ ರಸ್ತೆ ಪಕ್ಕದಲ್ಲೇ ಗುಡ್ಡೆ ಹಾಕಿದ್ದರು. ಅದರದ್ದೂ ಫೋಟೋ ಇದೆ, ಬಾಟಲಿ ಸಮೇತ. ಈ ತಿಂಗಳದ್ದರಲ್ಲಿ ಮೋರಿಯ ಹೂಳು ಮತ್ತೆ ಎರಡನೇ ಇಟ್ಟಿಗೆ ತನಕ ಬಂದಿದೆ. ಸೋಮವಾರ ಹೋಗಬೇಕು.