ಶಟ್‌ಡೌನ್ ಮಾಡಿದಾಗಲೇ ಕ್ರ್ಯಾಶ್: ಕಾರಣ ಹುಡುಕಿದ ನನ್ನ ಅನುಭವ

ಕೆಲಸ ಮುಗಿಸಿ ಶಟ್‌ಡೌನ್ ಒತ್ತುತ್ತಿದ್ದೆ. ಪರದೆ ಕಪ್ಪಾಗುತ್ತಿತ್ತು. ಆದರೆ ಫ್ಯಾನ್ ನಿಲ್ಲುತ್ತಿರಲಿಲ್ಲ, ಪವರ್ ದೀಪವೂ ಆರುತ್ತಿರಲಿಲ್ಲ. ಒಂದು ವಾರ ಇದೇ ಕತೆ. ಪ್ರತಿ ಸಲವೂ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಎದ್ದು ಹೋಗುತ್ತಿದ್ದೆ. ನಾನು ಮಾಡಿದ ತಪ್ಪು ಅದೇ.

ಅದು ಗೊತ್ತಾಗಿದ್ದು ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದಾಗ. ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಸಾಲುಸಾಲಾಗಿ ಇತ್ತು. 41 ಅಂದರೆ ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಆಫ್ ಆಗಲಿಲ್ಲ ಅಂತ, ಅಷ್ಟೇ. ಆದರೆ ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಯಾವ ಕ್ರ್ಯಾಶ್ ಎಂದು ಸಂಖ್ಯೆಯಲ್ಲಿ ಹೇಳುವ ಬಗ್‌ಚೆಕ್‌ಕೋಡ್ ಎಂಬ ಸಾಲು ಇರುತ್ತದೆ. ನನ್ನದರಲ್ಲಿ ಎಲ್ಲ ಕಡೆಯೂ 0. ಕ್ರ್ಯಾಶ್ ಆಗಿ ಏನಾಯಿತೆಂದು ಬರೆದಿಡುವಷ್ಟು ಸಮಯವನ್ನೇ ನಾನು ವಿಂಡೋಸ್‌ಗೆ ಕೊಟ್ಟಿರಲಿಲ್ಲ.

ಆ ರಾತ್ರಿ ಸಿಸ್ಟಮ್ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಅಂಡ್ ರಿಕವರಿಗೆ ಹೋಗಿ ಆಟೋಮ್ಯಾಟಿಕ್ ರೀಸ್ಟಾರ್ಟ್ ಎದುರಿನ ಟಿಕ್ ತೆಗೆದೆ. ಅದು ಇದ್ದರೆ ಕ್ರ್ಯಾಶ್ ಆದಾಗ ಬರುವ ನೀಲಿ ಪರದೆ ಓದುವ ಮೊದಲೇ ಮಾಯವಾಗುತ್ತದೆ. ಆಮೇಲೆ ಶಟ್‌ಡೌನ್ ಕೊಟ್ಟು, ಬಟನ್ ಮುಟ್ಟದೆ ಸುಮ್ನೆ ಕೂತೆ. ತುಂಬಾ ಹೊತ್ತಿನ ಮೇಲೆ ನೀಲಿ ಪರದೆ ಬಂತು: ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ಅದರ ಮೇಲಿನ ಎಣಿಕೆ ಶೇಕಡಾ 100 ಆಗುವವರೆಗೂ ಕಾದೆ. ಆ ಎಣಿಕೆ ಮಧ್ಯದಲ್ಲಿ ನಿಂತರೆ ಕ್ರ್ಯಾಶ್ ಆದ ಹೊತ್ತಿನ ವಿವರ ಬರೆದಿಟ್ಟ ಡಂಪ್ ಫೈಲ್ ಸಿಗುವುದಿಲ್ಲ. ಮತ್ತೆ ಆನ್ ಮಾಡಿ ನೋಡಿದರೆ ಬಗ್‌ಚೆಕ್‌ಕೋಡ್ 159. ಹೆಕ್ಸ್ (16ರ ಆಧಾರದ) ಲೆಕ್ಕದಲ್ಲಿ ಅದೇ 9ಎಫ್, ಅಂದರೆ ಇದೇ ದೋಷದ ಸಂಖ್ಯೆ.

ಅಷ್ಟು ಹೊತ್ತು ಕಾಯಬೇಕಾಗಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಆಫ್ ಆಗುವಾಗ ವಿಂಡೋಸ್ ಒಂದೊಂದು ಡ್ರೈವರ್‌ಗೂ (ಸಾಧನವನ್ನು ನಡೆಸುವ ತಂತ್ರಾಂಶ) ಪವರ್ ಇಳಿಸಲು ಕೋರಿಕೆ ಕಳಿಸುತ್ತದೆ. ಯಾವುದೋ ಒಂದು ಡ್ರೈವರ್ ಅದನ್ನು ಮುಗಿಸದೆ ಹಿಡಿದಿಟ್ಟುಕೊಂಡರೆ ಗಡುವಿನವರೆಗೂ ಕಾಯುತ್ತದೆ. ಆಮೇಲೆ ಬೇರೆ ದಾರಿ ಇಲ್ಲದೆ ತಾನೇ ಕ್ರ್ಯಾಶ್ ಆಗುತ್ತದೆ.

ಮುಂದಿನ ಪರೀಕ್ಷೆ ಸುಲಭದ್ದು. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿದೆ. ತಕ್ಷಣ ಆಫ್ ಆಯಿತು! ಬೇಗ ಆನ್ ಆಗಲೆಂದು ವಿಂಡೋಸ್ 8ರಿಂದ ಇರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ನಾವು ಶಟ್‌ಡೌನ್ ಅನ್ನುವುದು ಅರ್ಧ ಹೈಬರ್ನೇಟ್. ವಿಂಡೋಸ್‌ನ ತಿರುಳಾದ ಕರ್ನಲ್ ಡಿಸ್ಕ್‌ಗೆ ಸೇವ್ ಆಗಿ ಮಲಗುತ್ತದೆ. ಶಿಫ್ಟ್ ಒತ್ತಿದರೆ ಮಾತ್ರ ಪೂರ್ತಿ ಶಟ್‌ಡೌನ್. ಇಲ್ಲಿಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಕೈತೊಳೆದುಕೊಳ್ಳುವವರೇ ಜಾಸ್ತಿ. ನಾನೂ ಎರಡು ದಿನ ಹಾಗೇ ಇದ್ದೆ. ಮೂರನೇ ದಿನ ಸ್ಲೀಪ್‌ಗೆ ಹಾಕಿದಾಗ ಅದೇ 9ಎಫ್ ಮತ್ತೆ ಬಂತು. ರೋಗ ಹಾಗೇ ಇತ್ತು, ಕಾಣಿಸಿಕೊಳ್ಳುವ ಜಾಗ ಬದಲಾಗಿತ್ತು ಅಷ್ಟೇ.

ಹಾಗಾಗಿ ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್‌ಗೆ ಹೋಗಿ, ಅಲ್ಲಿದ್ದ ಡಂಪ್ ಫೈಲನ್ನು ಅದನ್ನು ಓದುವ ವಿನ್‌ಡಿಬಿಜಿ ಎಂಬ ಟೂಲ್‌ನಲ್ಲಿ ತೆರೆದೆ. ಅನಲೈಜ್ ಕಮಾಂಡ್ ಬೆರಳು ತೋರಿಸಿದ್ದು ಪಿಸಿಐ ಡ್ರೈವರ್ ಕಡೆ. ಅದು ವಿಂಡೋಸ್‌ನದೇ ಡ್ರೈವರ್, ಅದನ್ನು ನಂಬಿ ಏನೂ ಕೀಳಬೇಡಿ. 9ಎಫ್ ಜೊತೆ ಬರುವ ನಾಲ್ಕು ವಿವರಗಳಲ್ಲಿ (ಪ್ಯಾರಾಮೀಟರ್) ಮೊದಲನೆಯದು 3 ಇತ್ತು. ಹಾಗಿದ್ದರೆ ನಾಲ್ಕನೆಯದು ಸಿಕ್ಕಿಹಾಕಿಕೊಂಡ ಕೋರಿಕೆಯ ವಿಳಾಸ. ಆ ವಿಳಾಸಕ್ಕೆ, ಕೋರಿಕೆಯ ವಿವರ ತೋರಿಸುವ ಐಆರ್‌ಪಿ ಕಮಾಂಡ್ ಕೊಟ್ಟೆ. ಬಂದ ಪಟ್ಟಿಯಲ್ಲಿ ಒಂದು ಸಾಲಿನ ಮುಂದೆ > ಗುರುತು. ಕೋರಿಕೆ ನಿಂತಿದ್ದು ಅಲ್ಲೇ. ಆ ಸಾಲಿನಲ್ಲಿದ್ದದ್ದು ನನ್ನ ವೈಫೈ ಕಾರ್ಡ್‌ನ ಡ್ರೈವರ್ ಹೆಸರು.

ನಂಬಿಬಿಡಲು ಮನಸ್ಸಾಗಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಡಿಸೇಬಲ್ ಮಾಡಿ ಐದು ಸಲ ಸ್ಲೀಪ್‌ಗೆ ಹಾಕಿದೆ. ಐದೂ ಸರಿ. ಎನೇಬಲ್ ಮಾಡಿದ ಮೇಲೆ ಎರಡನೇ ಸಲಕ್ಕೇ ಕ್ರ್ಯಾಶ್. ಆಮೇಲೆ ಹಳೆಯ ಡ್ರೈವರ್ ಪೂರ್ತಿ ತೆಗೆದು, ತಯಾರಕರ ಹೊಸ ಆವೃತ್ತಿ ಹಾಕಿ, ಫಾಸ್ಟ್ ಸ್ಟಾರ್ಟಪ್ ಬೇಕೆಂದೇ ಮತ್ತೆ ಆನ್ ಮಾಡಿದೆ. ಅದು ಆನ್ ಇದ್ದಾಗಲೂ ಸರಿಹೋದರೆ ತಾನೇ ರಿಪೇರಿ ಆಗಿದೆ ಅನ್ನಬಹುದು, ಅಲ್ವಾ? ಶಟ್‌ಡೌನ್ ಒತ್ತಿದೆ. ಪರದೆ ಕಪ್ಪಾಯಿತು, ಫ್ಯಾನ್ ನಿಂತಿತು, ದೀಪ ಆರಿತು. ಅವತ್ತಿನಿಂದ ಲಾಗ್‌ನಲ್ಲಿ ಹೊಸ 41 ಬಂದಿಲ್ಲ.