ಕವಿತೆಗೆ ಏನೂ ಹೊಳೀತಿಲ್ವಾ? ಅವಧಾನದ ಪೃಚ್ಛಕರ ಹತ್ರ ಕೇಳಿ

ಮಳೆ ಬಗ್ಗೆ ಒಂದು ಕವನ ಬರಿ ಅಂದ್ರೆ ಮುಕ್ಕಾಲು ಪಾಲು ಜನ ಬರೆಯೋದು ಅದೇ, ಹನಿ, ಇಳೆ, ನೆನಪು, ಕೊನೆಗೆ ನೀನಿಲ್ಲ. ವಿಷಯ ಅಷ್ಟು ದೊಡ್ಡದಾದ್ರೆ ಮೊದಲು ಕೈಗೆ ಸಿಗೋದು ಬೇರೆಯವರು ಬಳಸಿ ಬಳಸಿ ಸವೆಸಿರೋ ಸಾಲುಗಳೇ. ಅದಕ್ಕೆ ಪ್ರಾಂಪ್ಟ್, ಅಂದ್ರೆ ಬರೆಯೋಕೆ ಹಚ್ಚೋ ಎಳೆ, ಚಿಕ್ಕದಿರಲಿ, ಸ್ವಲ್ಪ ಕಾಟ ಕೊಡೋ ಥರಾನೂ ಇರಲಿ.

ಕಾಟ ಕೊಡೋದ್ರಲ್ಲಿ ಅವಧಾನದ ಪೃಚ್ಛಕರು ಎತ್ತಿದ ಕೈ. ಅವಧಾನ ಅಂದ್ರೆ ಸಭೆ ಮುಂದೆ ಕೂತಲ್ಲೇ ಪದ್ಯ ಕಟ್ಟೋ ಕಲೆ, ಕಟ್ಟೋರು ಅವಧಾನಿ, ಸವಾಲು ಹಾಕೋರು ಪೃಚ್ಛಕರು. ಅಷ್ಟಾವಧಾನದಲ್ಲಿ ಎಂಟು ಜನ ಕೂತು ಒಬ್ಬೊಬ್ಬರು ಒಂದೊಂದು ಥರ ಪ್ರಶ್ನೆ ಹಾಕ್ತಾರೆ, ಅವಧಾನಿ ಪೆನ್ನು ಪೇಪರ್ ಮುಟ್ಟದೆ ಛಂದಸ್ಸಲ್ಲೇ ಪದ್ಯ ಕಟ್ಟಬೇಕು. ಶತಾವಧಾನಿ ಆರ್. ಗಣೇಶ್ ಅವರ ವಿಡಿಯೋ ಹುಡುಕಿ ನೋಡಿ, ತಲೆ ಗಿರ್ರ್ ಅನ್ನುತ್ತೆ. ನಾವು ಅಷ್ಟು ದೂರ ಹೋಗೋದು ಬೇಡ, ಛಂದಸ್ಸು ಬರದಿದ್ರೂ ನಡೆಯುತ್ತೆ, ಪ್ರಶ್ನೆಗಳನ್ನ ಮಾತ್ರ ಎತ್ಕೊಳ್ಳೋಣ.

ನಂಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ನಿಷೇಧಾಕ್ಷರಿ. ಅಲ್ಲಿ ಅವಧಾನಿ ಒಂದು ಅಕ್ಷರ ಹೇಳ್ತಿದ್ದ ಹಾಗೇ ಮುಂದಿನದು ಇಂಥ ಅಕ್ಷರ ಬರಬಾರ್ದು ಅಂತ ಪೃಚ್ಛಕರು ತಡೀತಾರೆ. ನಾವು ಅಕ್ಷರದ ಬದಲು ಪದ ನಿಷೇಧ ಮಾಡ್ಕೊಳ್ಳೋದು. ಸುಮ್ನೆ 'ಬೀಗ' ಅಂತ ತಗೊಳ್ಳಿ. ಮೊದಲು ಕವಿತೆ ಯೋಚ್ನೆ ಬಿಟ್ಟು ಬೀಗದ ಜೊತೆ ಜನ ಏನೇನು ಮಾಡ್ತಾರೆ ಬರ್ಕೊಳ್ಳಿ: ಪಕ್ಕದ ಮನೆಗೆ ಕೀ ಕೊಡೋದು, ತುಕ್ಕು ಹಿಡಿದ್ರೆ ಕೊಬ್ಬರಿ ಎಣ್ಣೆ ಬಿಡೋದು, ಹಾಕಿದ ಮೇಲೆ ಎಳೆದು ನೋಡೋದು. ಈ ಕೊನೇದ್ರಲ್ಲಿ ಏನೋ ಇದೆ ಅನ್ನಿಸ್ತು, ಅಲ್ಲಿಂದ ಹೀಗೆ ಬಂತು:

ಬೀಗ ಹಾಕಿ ಮೂರು ಸಲ ಎಳೆದು ನೋಡ್ತಾರೆ ಅಪ್ಪ
ಕದಿಯೋಕೆ ಇರೋದು
ಒಂದು ಹಳೇ ಟೀವಿ, ಅರ್ಧ ಮೂಟೆ ಅಕ್ಕಿ
ಮತ್ತೆ ಅಮ್ಮನ ನೆನಪು

ಕೊನೇ ಸಾಲು ಡಬ್ಬ, ಅಲ್ವಾ? ಈಗ 'ನೆನಪು' ನಿಷೇಧ. ನೆನಪು ಅನ್ನದೆ ಅದನ್ನ ಹೇಳ್ಬೇಕು ಅಂದಾಗ ಮನೆಯೊಳಗೇ ಹುಡುಕ್ಬೇಕಾಗುತ್ತೆ, ಆಗ ಸಿಕ್ಕಿದ್ದು 'ಮತ್ತೆ ಅಮ್ಮ ಇಲ್ಲದ ಅಡುಗೆಮನೆ'. ಮೊದಲ ಮೂರು ಸಾಲು ಒಂದಕ್ಷರಾನೂ ಬದಲಾಗಿಲ್ಲ ನೋಡಿ. ನೆನಪು, ಕನಸು, ಮನಸು, ಒಲವು, ಮೌನ, ಈ ಐದನ್ನ ಒಂದು ತಿಂಗಳು ಮುಟ್ಟದೇ ಬರೀರಿ, ಮೌನ ಬಿಡೋದಂತೂ ಕಷ್ಟಾನೇ.

ದತ್ತಪದಿ ಬೇರೆ ಥರ ಮಜಾ. ನಾಲ್ಕು ಪದ ಕೊಡ್ತಾರೆ, ಎಷ್ಟೋ ಸಲ ಬೇರೆ ಭಾಷೇದು, ವಿಷಯಕ್ಕೂ ಅದಕ್ಕೂ ಸಂಬಂಧಾನೇ ಇರಲ್ಲ, ಆದ್ರೂ ಪದ್ಯದೊಳಗೆ ನಾಲ್ಕೂ ಬರ್ಬೇಕು. ಕಪ್, ಮಗ್, ಜಗ್, ಕಾರ್ ಕೊಟ್ಟು ಮಳೆಗಾಲ ವರ್ಣಿಸು ಅಂದ್ರೆ? ಮಗ್ಗುಲು ಬದಲಿಸಿದ ಕಪ್ಪು ಕಾರ್ಮೋಡವನ್ನ ಗಾಳಿ ಜಗ್ಗಿ ಎಳೀತು. ನಾಲ್ಕೂ ಒಳಗೆ ಅಡಗಿ ಕೂತಿವೆ, ಮೋಡ ಮಗ್ಗುಲು ಬದಲಿಸೋದು ಅಂತೂ ಈ ಕಾಟ ಇಲ್ದಿದ್ರೆ ಹೊಳೀತಾನೇ ಇರ್ಲಿಲ್ಲ.

ಇನ್ನು ಸಮಸ್ಯಾಪೂರಣ. ಅರ್ಥವಿಲ್ಲದ ಹಾಗೆ ಕಾಣೋ ಕೊನೇ ಸಾಲು ಕೊಡ್ತಾರೆ, ಹಿಂದಿನದು ಕಟ್ಟಿ ನಾವು ಅದಕ್ಕೆ ಅರ್ಥ ಬರಿಸ್ಬೇಕು. ಠಾಠಂ ಠಠಂ ಠಂ ಅನ್ನೋ ಬರೀ ಸದ್ದಿಗೆ ಕಾಳಿದಾಸ, ಯುವತಿ ಕೈಯಿಂದ ಜಾರಿದ ಚಿನ್ನದ ಕೊಡ ಮೆಟ್ಟಿಲ ಮೇಲೆ ಉರುಳ್ತಾ ಬಂದ ಶಬ್ದ ಅಂತ ಪದ್ಯ ಕಟ್ಟಿದ ಅಂತ ಕಥೆ ಇದೆಯಲ್ಲ, ಅದೇ ಇದು. ಒಂದು ಕಿವಿಮಾತು, ಮೊದಲು ಹೊಳೆದ ಉತ್ತರ ಬಿಟ್ಬಿಡಿ, ಅದು ಎಲ್ಲರಿಗೂ ಹೊಳೆಯುತ್ತೆ. ಎಲ್ಲಾ ಕನಸಲ್ಲಿ ಆಗಿದ್ದು ಅಂತ ಬರೆಯೋದೂ ಮೋಸ.

ಇವತ್ತಿಗೆ ಈ ಸಾಲು ಇಟ್ಕೊಂಡು ಮೇಲಿನ ಮೂರು ಸಾಲು ನೀವೇ ಕಟ್ಟಿ: 'ಹಲ್ಲಿಲ್ಲದಜ್ಜಿ ಕಬ್ಬು ಕಡಿದಳು'. ಕಬ್ಬಿನ ಗದ್ದೇಲಿ ಕುಡುಗೋಲು ಹಿಡಿದು ಕಡಿದ್ಲು ಅನ್ನೋದು ನಂಗೆ ಮೊದಲು ಹೊಳೆದಿದ್ದು, ಹಾಗಾಗಿ ಅದು ಲೆಕ್ಕಕ್ಕಿಲ್ಲ.